ಆಫ್ರಿಕಾದ ಮಲಾವಿ ದೇಶಕ್ಕೆ ಒಂದು ವರ್ಷ ಸ್ವಯಂಸೇವಕಿಯಾಗಿ ಹೋಗುವ ಅವಕಾಶ ಬಂದಿದೆ, ಅಲ್ಲಿ ಕೆಲಸ ಹೇಗಿರುತ್ತದೆ?

ರಾಯಚೂರು ಹುಡುಗಿ:
ಎಲ್ಲರಿಗೂ ನಮಸ್ಕಾರ. ಕೃಷಿಯಲ್ಲಿ ಎಂ.ಎಸ್ಸಿ ಮಾಡಿ, ರೈತ ಉತ್ಪಾದಕರ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದೇನೆ. ದಕ್ಷಿಣ ಮಲಾವಿಯಲ್ಲಿ ತೊಗರಿ ಬೆಳೆಗಾರರ ಜೊತೆ ಹನ್ನೆರಡು ತಿಂಗಳು ಕೆಲಸ ಮಾಡುವ ಅವಕಾಶ ಸಿಕ್ಕಿದೆ. ಸಂಬಳ ಇಲ್ಲ, ಜೀವನ ವೆಚ್ಚಕ್ಕೆ ಭತ್ಯೆ, ವಿಮೆ ಕೊಡುತ್ತಾರೆ. ಅವ್ವ ಒಪ್ಪುತ್ತಿಲ್ಲ. ದಿನ ಹೇಗೆ ಕಳೆಯುತ್ತದೆ, ನಿಜವಾಗಿ ನನ್ನಿಂದ ಏನಾದರೂ ಉಪಯೋಗ ಆಗುತ್ತದಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಆಳಂದದ ತೊಗರಿ:
ತಂಗಿ, ನಾನು ದಕ್ಷಿಣ ಮಲಾವಿಯ ಜೋಂಬಾ ಕಡೆ ಇದೇ ಕೆಲಸಕ್ಕೆ ಹೋಗಿದ್ದೆ. ಹೋಗಿ ಬಾ ಅಂತಲೇ ಹೇಳುತ್ತೇನೆ.

ಅಲ್ಲಿ ಮಳೆಗಾಲ ನವೆಂಬರಿನಿಂದ ಏಪ್ರಿಲ್‌ವರೆಗೆ. ಆ ತಿಂಗಳುಗಳಲ್ಲಿ ನಸುಕಿಗೇ ಎಲ್ಲರೂ ಗುದ್ದಲಿ ಹಿಡಿದು ಹೊಲದಲ್ಲಿರುತ್ತಾರೆ. ಬೆಳಿಗ್ಗೆ ಸಭೆ ಕರೆದರೆ ಯಾರೂ ಬರಲ್ಲ, ಅವರು ಬರಬಾರದು ಕೂಡ. ಮಧ್ಯಾಹ್ನದ ಮೇಲೆ ಮಾವಿನ ಮರದ ಕೆಳಗೆ ಸೇರುತ್ತಾರೆ. ಮೊದಲು ಊರ ಮುಖ್ಯಸ್ಥರನ್ನು ಕಾಣಬೇಕು, ಆಮೇಲೆ ಪ್ರಾರ್ಥನೆ, ಆಮೇಲೆ ಮಾತು. ದಕ್ಷಿಣದಲ್ಲಿ ಜಮೀನು ಹೆಚ್ಚಾಗಿ ತಾಯಿಯಿಂದ ಮಗಳಿಗೆ ಹೋಗುತ್ತದೆ, ಮದುವೆಯಾದ ಗಂಡಸು ಹೆಂಡತಿಯ ಊರಿಗೆ ಬಂದಿರುತ್ತಾನೆ. ಆದರೂ ಸಭೆಯಲ್ಲಿ ಬೆಂಚು ಗಂಡಸರಿಗೆ, ಚಾಪೆ ಹೆಂಗಸರಿಗೆ. ನೀನು ಚಾಪೆಯ ಮೇಲೆ ಕೂತುಬಿಡು. ನನ್ನ ಕಿವಿಗೆ ಬೀಳದ ಎಷ್ಟೋ ಮಾತು ನಿನಗೆ ಕೇಳುತ್ತವೆ. ಊರಲ್ಲಿ ಸಾವಾದರೆ ಆವತ್ತಿನ ಕೆಲಸ ನಿಂತಂತೆ. ಆಫೀಸಿನ ವೇಳಾಪಟ್ಟಿ ಏನೇ ಇರಲಿ, ಹೋಗಿ ಅವರ ಜೊತೆ ಕೂತು ಬಾ.

ಉಪಯೋಗದ ಮಾತು ಕೇಳಿದೆಯಲ್ಲ. ಕಾಯಿಕೊರಕ ಬಿದ್ದಾಗ ನಮ್ಮ ಕಡೆ ಗಿಡ ಅಲುಗಾಡಿಸಿ, ಕೆಳಗೆ ಹಾಸಿದ ತಾಡಪತ್ರಿಯ ಮೇಲೆ ಹುಳ ಉದುರಿಸುತ್ತೇವೆ. ಅದನ್ನು ಒಬ್ಬ ಅಜ್ಜಿಯ ಹೊಲದಲ್ಲಿ ಮಾಡಿ ತೋರಿಸಲು ಹೋದೆ. ತಾಡಪತ್ರಿ ಎಲ್ಲಿಂದ ತರಬೇಕು? ಅಜ್ಜಿ ಲುಂಗಿಯ ಹಾಗೆ ಸುತ್ತಿಕೊಳ್ಳುವ ಚಿಟೆಂಜೆ ಬಟ್ಟೆಯೊಂದನ್ನು ಮನೆಯಿಂದ ತಂದು ಸಾಲಿನ ನಡುವೆ ಹಾಸಿದಳು. ಎರಡು ಸಲ ಜಾಡಿಸುವಷ್ಟರಲ್ಲಿ ಹಸಿರು, ಕಂದು ಹುಳಗಳು ಬಟ್ಟೆಯ ತುಂಬ. ಕೋಳಿಗಳು ಓಡಿ ಬಂದವು. ಔಷಧಿ ಕೊಳ್ಳಲು ದುಡ್ಡಿಲ್ಲದ ಕಡೆ ಇದು ನಡೆಯುತ್ತದೆ, ಮುಂದಿನ ವಾರ ಪಕ್ಕದ ಹೊಲದವರು ತಾವೇ ಮಾಡುತ್ತಿದ್ದರು. ಕವಲು ಹೆಚ್ಚಲಿ ಅಂತ ಕುಡಿ ಚಿವುಟುವ ಮಾತು ಮಾತ್ರ ಯಾರೂ ಒಪ್ಪಲಿಲ್ಲ. ಅವರದು ಮೆಕ್ಕೆಜೋಳದ ನಡುವೆ ಬೆಳೆಯುವ ದೀರ್ಘಾವಧಿ ತೊಗರಿ. ನಾವು ಚಿವುಟು ಅನ್ನುವ ಹೊತ್ತಿಗೆ ಮನೆಯವರೆಲ್ಲ ಮೆಕ್ಕೆಜೋಳದ ಕಳೆಯಲ್ಲಿ ಇರುತ್ತಾರೆ. ಅವರ ಲೆಕ್ಕವೇ ಸರಿ.

ಇನ್ನೊಂದಕ್ಕೆ ತಯಾರಾಗಿ ಹೋಗು. ಭಾರತದವರು ಅಂದ ಕೂಡಲೇ "ಈ ವರ್ಷ ನಿಮ್ಮವರು ಕೊಳ್ಳುತ್ತಾರಾ?" ಅಂತ ಕೇಳುತ್ತಾರೆ. 2017ರ ಆಗಸ್ಟ್‌ನಲ್ಲಿ ನಮ್ಮ ಸರ್ಕಾರ ತೊಗರಿ ಆಮದಿಗೆ ವರ್ಷಕ್ಕೆ 2 ಲಕ್ಷ ಟನ್ ಮಿತಿ ಹಾಕಿತು, ಅಲ್ಲಿ ಬೆಲೆ ನೆಲ ಕಚ್ಚಿತು. 2021ರಲ್ಲಿ ಮಲಾವಿಯಿಂದ ವರ್ಷಕ್ಕೆ 50,000 ಟನ್‌ನಂತೆ ಐದು ವರ್ಷ ತರಿಸುವ ಒಪ್ಪಂದವಾಯಿತು. ಇತ್ತ ನಮ್ಮಪ್ಪನೂ ತೊಗರಿ ಬೆಳೆಗಾರ, ಹೊರಗಿನ ಮಾಲು ಬಂದರೆ ಕಲಬುರಗಿಯಲ್ಲಿ ನಮ್ಮ ದರ ಬೀಳುತ್ತದೆ ಅನ್ನುವವರು. ಇಬ್ಬರ ಸಿಟ್ಟೂ ನ್ಯಾಯವಾದದ್ದೇ. ಆ ಅಜ್ಜಿಯ ಮುಂದೆ ನಾನು ಇದನ್ನು ಮುಚ್ಚಿಡಲಿಲ್ಲ. ದರ ನಮ್ಮ ಕೈಯಲ್ಲಿಲ್ಲ, ತೂಕವಾದರೂ ಇರಲಿ ಅಂತ ಆ ಊರಿನ ಬೆಳೆಗಾರರ ಗುಂಪಿನವರು ಉಳಿತಾಯದ ಹಣದಲ್ಲಿ ತಮ್ಮದೇ ತಕ್ಕಡಿ ಕೊಂಡರು. ನನಗೆ ಅತ್ಯಂತ ಹೆಮ್ಮೆ ಅನಿಸಿದ ಕೆಲಸ ಅದು, ಅದರಲ್ಲಿ ನನ್ನ ಪಾಲು ಸಣ್ಣದು.

ನರ್ಸಕ್ಕ:
ಅವ್ವನಿಗೆ ಧೈರ್ಯ ಬರಲು ಆರೋಗ್ಯದ ತಯಾರಿ ತೋರಿಸಿ ಮಗಳೇ. ಮಲೇರಿಯಾ ತಡೆಯುವ ಮಾತ್ರೆಯ ಬಗ್ಗೆ ಹೊರಡುವ ಮುಂಚೆಯೇ ವೈದ್ಯರನ್ನು ಕೇಳಿ. ಸೊಳ್ಳೆಪರದೆ ಒಂದು ರಾತ್ರಿಯೂ ತಪ್ಪಬಾರದು. ಜ್ವರ ಬಂದರೆ ಅದೇ ದಿನ ರಕ್ತ ಪರೀಕ್ಷೆ. ವಾಪಸ್ ಬಂದ ಮೇಲೆ ಜ್ವರ ಬಂದರೂ ಎಲ್ಲಿಗೆ ಹೋಗಿದ್ದಿರೆಂದು ಡಾಕ್ಟರಿಗೆ ಮೊದಲೇ ಹೇಳಿ. ಮಲಾವಿ ಸರೋವರ ನೋಡಲು ಬಲು ಚೆಂದ, ಆದರೆ ನೀರಿನಲ್ಲಿ ಬಿಲ್ಹಾರ್ಜಿಯಾ ಎಂಬ ಕಾಯಿಲೆ ಹರಡುವ ಪರಾವಲಂಬಿ ಹುಳು ಇದೆ. ಇಳಿದಿದ್ದರೆ ಆಮೇಲೆ ಪರೀಕ್ಷೆ ಮಾಡಿಸಿ, ಮಾತ್ರೆಯಿಂದ ವಾಸಿಯಾಗುತ್ತದೆ. ವಿಮಾನ ಇಥಿಯೋಪಿಯಾದ ಅಡಿಸ್ ಅಬಾಬಾ ಮೇಲೆ ಹೋಗುವುದಾದರೆ ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡಿರುವುದು ಒಳ್ಳೆಯದು. ಹಾಕಿಸಿದ 10 ದಿನದ ನಂತರವೇ ಪ್ರಮಾಣಪತ್ರಕ್ಕೆ ಬೆಲೆ, ಕೊನೆ ಗಳಿಗೆಗೆ ಬಿಡಬೇಡಿ.

ರಾಯಚೂರು ಹುಡುಗಿ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅವ್ವನಿಗೆ ಎಲ್ಲವನ್ನೂ ಓದಿ ಹೇಳಿದೆ. ಅಣ್ಣಾ, ಒಪ್ಪಿಕೊಳ್ಳುವ ಮುಂಚೆ ಆ ಸಂಸ್ಥೆಯವರನ್ನು ಏನು ಕೇಳಬೇಕು?

ಆಳಂದದ ತೊಗರಿ:
ಎರಡು ಕೇಳು ತಂಗಿ. ನೀನು ವಾಪಸ್ ಬಂದ ಮೇಲೆ ಈ ಕೆಲಸ ಯಾರ ಕೈಯಲ್ಲಿ ಉಳಿಯುತ್ತದೆ ಅಂತ ಮೊದಲು ಕೇಳು. ಅಲ್ಲಿಯ ಸರ್ಕಾರಿ ಕೃಷಿ ಸಹಾಯಕರ ಮೇಲೆ ಹತ್ತಾರು ಊರುಗಳ ಹೊರೆ, ಬೈಕಿದ್ದರೆ ಪೆಟ್ರೋಲ್ ಇರಲ್ಲ. ಆದರೂ ಊರಿನವರು ನಂಬುವುದು ಅವರನ್ನೇ. ಮೊದಲ ದಿನದಿಂದ ಅವರ ಜೊತೆಗೇ ಓಡಾಡುವ ವ್ಯವಸ್ಥೆ ಬೇಕು ಅಂತ ಗಟ್ಟಿಯಾಗಿ ಹೇಳು. ಇನ್ನೊಂದು, ಸೇರುವ ತಿಂಗಳು. ಮೆಕ್ಕೆಜೋಳ ಏಪ್ರಿಲ್-ಮೇನಲ್ಲಿ ಮುಗಿದ ಮೇಲೆ ತೊಗರಿ ಹರಡಿಕೊಳ್ಳುತ್ತದೆ, ರಾಶಿ ಆಗುವುದು ಜುಲೈನಿಂದ ಸೆಪ್ಟೆಂಬರ್ ಒಳಗೆ. ಜನವರಿಯಲ್ಲಿ ಕಳಿಸುತ್ತೇವೆ ಅಂದರೆ ಅಕ್ಟೋಬರ್‌ಗೆ ಹಾಕಿಸಿಕೋ. ಬಿತ್ತನೆಯಿಂದ ಮಾರಾಟದವರೆಗೆ ಒಂದು ಬೆಳೆ ಪೂರ್ತಿ ಕೈಗೆ ಸಿಗುತ್ತದೆ.