ಹನ್ನೊಂದನೆಯ ತರಗತಿಯ ಕಂಪ್ಯೂಟರ್ ಸೈನ್ಸ್‌ಗೆ ಬಾಗಲಕೋಟೆಯಲ್ಲಿ ಟ್ಯೂಷನ್ ಹೇಳುವವರು ಬೇಕು. ಒಳ್ಳೆಯವರು ಯಾರೆಂದು ನನ್ನಂಥವಳು ತಿಳಿಯುವುದು ಹೇಗೆ?

ಖಣದ ಅಕ್ಕ, ನವನಗರ

ಎಲ್ಲರಿಗೂ ನಮಸ್ಕಾರ. ನನ್ನದು ನವನಗರದಲ್ಲಿ ಹೊಲಿಗೆಯ ಅಂಗಡಿ. ತವರು ಗುಳೇದಗುಡ್ಡ, ಹಾಗಾಗಿ ಅಲ್ಲಿಂದಲೇ ಖಣ ತರಿಸಿ ಕುಪ್ಪಸ ಹೊಲಿದು ಕೊಡುತ್ತೇನೆ. ಮಧ್ಯಾಹ್ನದ ಹೊತ್ತು ನಾಲ್ಕೈದು ಹುಡುಗಿಯರಿಗೆ ಹೊಲಿಗೆ ಕಲಿಸುತ್ತೇನೆ. ಕಂಪ್ಯೂಟರ್ ವಿಷಯದಲ್ಲಿ ನಾನು ಶುದ್ಧ ಅನಕ್ಷರಸ್ಥೆ. ಮೊಬೈಲ್ ಸದ್ದು ಮಾಡಿದರೆ ಗಿರಾಕಿಯ ದುಡ್ಡು ಬಂತು ಎಂಬಷ್ಟು ಮಾತ್ರ ಗೊತ್ತು. ಉತ್ತರ ಬರೆಯುವವರು ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಮಗಳು ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದಳು. ಅಂಕ ಚೆನ್ನಾಗಿ ಬಂದವು ಎಂದು ಅವಳ ಸೋದರಮಾವ ಹಟ ಹಿಡಿದು ಸಿಬಿಎಸ್‌ಇ ಹನ್ನೊಂದಕ್ಕೆ ಸೇರಿಸಿದ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಜೊತೆಗೆ ಜೀವಶಾಸ್ತ್ರದ ಬದಲು ಕಂಪ್ಯೂಟರ್ ಸೈನ್ಸ್ ತೆಗೆದುಕೊಂಡಿದ್ದಾಳೆ. ಉಳಿದ ವಿಷಯಗಳನ್ನು ಹೇಗೋ ಎಳೆದುಕೊಂಡು ಹೋಗುತ್ತಿದ್ದಾಳೆ. ಈ ಒಂದು ವಿಷಯದ ಪುಸ್ತಕ ತೆಗೆದರೆ ಮಾತ್ರ ಅವಳ ಮುಖ ಬಾಡುತ್ತದೆ. ಮೊದಲ ಕಿರುಪರೀಕ್ಷೆಯಲ್ಲಿ 30ಕ್ಕೆ 8.

ಒಂದು ಕೋಚಿಂಗ್ ಕ್ಲಾಸಿಗೆ ಕಳಿಸಿ ನೋಡಿದೆ. ಆರು ತಿಂಗಳಿಗೆಂದು 9,000 ರೂಪಾಯಿಯನ್ನು ಮೊದಲೇ ಎಣಿಸಿಕೊಂಡರು. ಒಂದು ಸಂಜೆ ಮಳೆ ಬಂತೆಂದು ಕೊಡೆ ಹಿಡಿದುಕೊಂಡು ಹೋದವಳು ಬಾಗಿಲಲ್ಲೇ ನಿಂತು ನೋಡಿದೆ. ಮೂವತ್ತೈದು ಮಕ್ಕಳು. ಗೋಡೆಯ ಪಕ್ಕ ಐದು ಕಂಪ್ಯೂಟರ್, ಅವುಗಳಲ್ಲಿ ಮೂರಕ್ಕೆ ಹೊದಿಕೆಯನ್ನೇ ತೆಗೆದಿರಲಿಲ್ಲ. ಸರ್ ಬೋರ್ಡಿನ ಮೇಲೆ ಪ್ರೋಗ್ರಾಂ ಬರೆಯುತ್ತಿದ್ದರು, ಮಕ್ಕಳು ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದರು. ಮನೆಗೆ ಬಂದು ಮಗಳು ಅದನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡುತ್ತಿದ್ದಳು.

ಒಂದು ದಿನ ಅವಳೇ ಹೇಳಿದಳು: ಒಂದರಿಂದ ಹತ್ತರವರೆಗಿನ ಸಂಖ್ಯೆಗಳನ್ನು ಕೂಡಿಸುವ ಪ್ರೋಗ್ರಾಂ ಬರೆದಾಗ ಉತ್ತರ 45 ಬಂತಂತೆ. ಕೈಯಲ್ಲಿ ಕೂಡಿಸಿದರೆ 55. ಏಕೆ ಎಂದು ಕೇಳಿದ್ದಕ್ಕೆ ಸರ್, “ಹತ್ತು ಇರುವಲ್ಲಿ ಹನ್ನೊಂದು ಬರೆ, ಅದು ರೂಲ್” ಎಂದು ಮುಂದಕ್ಕೆ ಹೋದರಂತೆ. ಇವಳು ರೂಲನ್ನೂ ಬರೆದುಕೊಂಡು ಬಂದಳು. ಈಗ ಕ್ಲಾಸ್ ಬಿಡಿಸಿದ್ದೇನೆ. ಹಣದ ಮಾತೆತ್ತಿದರೆ ಅದಕ್ಕೂ ಒಂದು ರೂಲ್ ತೋರಿಸಿದರು.

ನನ್ನ ಹತ್ತಿರ ಹೊಲಿಗೆ ಕಲಿಯಲು ಬಂದ ಹುಡುಗಿಯ ಕೈಗೆ ಮೊದಲ ದಿನವೇ ಕತ್ತರಿ ಮತ್ತು ಹಳೆಯ ಬಟ್ಟೆ ಕೊಡುತ್ತೇನೆ. ಕೆಡಿಸಲಿ. ತೋಳು ಕೂಡದಿದ್ದರೆ ಬಿಚ್ಚಿ ನೋಡಲಿ. ನಾನೇ ಕತ್ತರಿಸಿ ಕೊಟ್ಟರೆ ಅವಳಿಗೆ ಬರುವುದು ಹೊಲಿಗೆಯಲ್ಲ, ಮಷಿನ್ ತುಳಿಯುವುದು. ಆದರೆ ಕಂಪ್ಯೂಟರಿನಲ್ಲಿ ಕತ್ತರಿ ಯಾವುದು, ಬಟ್ಟೆ ಯಾವುದು ಎಂಬುದೇ ನನಗೆ ತಿಳಿಯದು. ಟ್ಯೂಷನ್ ಹೇಳುತ್ತೇನೆಂದು ಬಂದವರು ಬಲ್ಲವರೋ ಅಲ್ಲವೋ ಎಂದು ಹೇಗೆ ಪರೀಕ್ಷಿಸಲಿ?

ಸಂಜೆ ಆರರ ನಂತರ ಆಗಬೇಕು. ನವನಗರ ಅಥವಾ ವಿದ್ಯಾಗಿರಿಯೊಳಗೆ ಆದರೆ ಒಳ್ಳೆಯದು. ತಿಂಗಳಿಗೆ 3,000 ರೂಪಾಯಿ ಕೊಡಬಲ್ಲೆ. ಮನೆಯಲ್ಲಿ ತಮ್ಮ ಕೊಟ್ಟ ಹಳೆಯ ಲ್ಯಾಪ್‌ಟಾಪ್ ಇದೆ, ವಿಂಡೋಸ್ 7. ಅದರಲ್ಲಿ ಪ್ರೋಗ್ರಾಂ ಬರೆಯುವ ಪೈಥಾನ್ ಎಂಬ ಭಾಷೆ ಹತ್ತುವುದಿಲ್ಲ ಎಂದು ಕ್ಲಾಸಿನವರು ಹೇಳಿದ್ದರು, ಹೊಸದು ಕೊಳ್ಳಬೇಕಂತೆ.

ನಿವೃತ್ತ ಗಣಿತ ಮಾಸ್ತರ, ಜಮಖಂಡಿ

ತಂಗಿ, ನನಗೂ ಪೈಥಾನ್ ಬಾರದು. ನನ್ನ ಕಾಲದಲ್ಲಿ ಅದು ಹಾವಿನ ಹೆಸರಷ್ಟೇ ಆಗಿತ್ತು. ಆದರೆ 45ಕ್ಕೂ 55ಕ್ಕೂ ಇರುವ ವ್ಯತ್ಯಾಸ 10. ಅಂದರೆ ಯಂತ್ರ ಒಂಬತ್ತರವರೆಗೆ ಕೂಡಿಸಿ ಹತ್ತನ್ನು ಹೊರಗೆ ಬಿಟ್ಟಿದೆ. ಈ ಒಂದು ಮಾತನ್ನು ಹುಡುಗಿಯ ಬಾಯಿಂದಲೇ ಹೊರಡಿಸಲು ಎರಡು ನಿಮಿಷ ಸಾಕಾಗಿತ್ತು. ಎರಡು ನಿಮಿಷ ಇಲ್ಲದವನು ಮಾಸ್ತರಿಕೆಗೆ ಏಕೆ ಬರಬೇಕು?

ಪರೀಕ್ಷಿಸುವುದು ಹೇಗೆಂದು ಕೇಳಿದಿರಿ. ನಿಮ್ಮ ಪ್ರಶ್ನೆಯಲ್ಲಿಯೇ ಉತ್ತರ ಬರೆದಿದ್ದೀರಿ. ಬಂದವರಿಗೆ ಒಂದು ಗಂಟೆಯ ಪಾಠ ಹೇಳಲು ಬಿಡಿ, ನೀವು ಪಕ್ಕದಲ್ಲಿ ಕುಪ್ಪಸಕ್ಕೆ ಹುಕ್ಕು ಹಚ್ಚುತ್ತಾ ಕುಳಿತುಕೊಳ್ಳಿ. ವಿಷಯ ತಿಳಿಯಬೇಕಾಗಿಲ್ಲ, ಕೀಬೋರ್ಡಿನ ಮೇಲೆ ಯಾರ ಕೈ ಇದೆ ನೋಡಿ. ಹುಡುಗಿ ತಪ್ಪು ಮಾಡಿದ ಕ್ಷಣದಲ್ಲಿ ಆ ಮನುಷ್ಯ ಏನು ಮಾಡುತ್ತಾನೆ ಎಂಬುದನ್ನು ವಿಶೇಷವಾಗಿ ಗಮನಿಸಿ. ಮೂವತ್ತನಾಲ್ಕು ವರ್ಷ ಪಾಠ ಹೇಳಿದ ನನಗೂ ಹುಡುಗರ ಕೈಯಿಂದ ಸೀಮೆಸುಣ್ಣ ಕಸಿದುಕೊಳ್ಳುವ ಚಪಲ ಕಡೆಯವರೆಗೂ ಹೋಗಲಿಲ್ಲ, ಆದ್ದರಿಂದ ಹೇಳುತ್ತಿದ್ದೇನೆ.

ವಿದ್ಯಾಗಿರಿಯ ಹಳೆಯ ವಿದ್ಯಾರ್ಥಿ, ಈಗ ಬೆಂಗಳೂರು

ಅಕ್ಕಾ, ಮೊದಲು ಲ್ಯಾಪ್‌ಟಾಪಿನ ಮಾತು, ಏಕೆಂದರೆ ಅದು ಹಣದ ಮಾತು. ಹೊಸದನ್ನು ಕೊಳ್ಳಬೇಡಿ. ಪೈಥಾನ್ 3.9 ಮತ್ತು ಅದರ ನಂತರದ ಆವೃತ್ತಿಗಳು ವಿಂಡೋಸ್ 7ರಲ್ಲಿ ಓಡುವುದಿಲ್ಲ ಎಂಬುದು ನಿಜ. ಆದರೆ 3.8 ಓಡುತ್ತದೆ. ಪೈಥಾನಿನ ಅಧಿಕೃತ ಜಾಲತಾಣದ ಹಳೆಯ ಆವೃತ್ತಿಗಳ ಪಟ್ಟಿಯಲ್ಲಿ ಉಚಿತವಾಗಿ ಸಿಗುತ್ತದೆ. ಹನ್ನೊಂದನೆಯ ತರಗತಿಯ ಪಾಠಕ್ಕೆ ಅದರಲ್ಲಿ ಯಾವ ಕೊರತೆಯೂ ಇಲ್ಲ. ಅದರ ಜೊತೆಗೇ ಐಡಲ್ ಎಂಬ ಬರೆಯುವ ಕಿಟಕಿಯೂ ಬರುತ್ತದೆ. ಒಮ್ಮೆ ಹಾಕಿಕೊಂಡ ಮೇಲೆ ಇಂಟರ್‌ನೆಟ್ ಕೂಡ ಬೇಕಾಗುವುದಿಲ್ಲ.

ಈಗ ಆ 45ರ ಕಥೆ. ಮಾಸ್ತರರು ಸರಿಯಾಗಿ ಹಿಡಿದಿದ್ದಾರೆ. ಪೈಥಾನಿನಲ್ಲಿ ರೇಂಜ್ ಎಂಬುದಕ್ಕೆ ಒಂದು ಮತ್ತು ಹತ್ತು ಎಂದು ಕೊಟ್ಟರೆ ಹತ್ತು ಬರುವ ಮೊದಲೇ ನಿಲ್ಲುತ್ತದೆ. ನಿಮ್ಮ ಅಳತೆಯ ಟೇಪು ತೆಗೆದುಕೊಳ್ಳಿ ಅಕ್ಕಾ. ಒಂದರ ಗೆರೆಯಿಂದ ಹತ್ತರ ಗೆರೆಯವರೆಗೆ ಬಟ್ಟೆ ಕತ್ತರಿಸಿದರೆ ಎಷ್ಟು ಇಂಚು ಸಿಗುತ್ತದೆ? ಒಂಬತ್ತೇ. ಹತ್ತರ ಗೆರೆಯಲ್ಲಿ ಕತ್ತರಿ ನಿಂತಿತು, ಅದರಾಚೆಯ ಇಂಚು ಈ ತುಂಡಿಗೆ ಸೇರಲಿಲ್ಲ. ರೇಂಜ್ ಮಾಡುವುದೂ ಇಷ್ಟೇ. ರೂಲ್ ಎಂದು ಹೇಳಿ ಸಾಗಿಬಿಟ್ಟವರು ಬಹುಶಃ ತಾವೂ ರೂಲ್ ಎಂದೇ ಕಲಿತವರು.

ಇನ್ನೊಂದು ಎಚ್ಚರಿಕೆ. ನಾನು ಪಿಯುಸಿಯಲ್ಲಿದ್ದಾಗ ಕಲಿತದ್ದು ಸಿ ಪ್ಲಸ್ ಪ್ಲಸ್ ಎಂಬ ಬೇರೆ ಪ್ರೋಗ್ರಾಂ ಭಾಷೆ. ನನ್ನ ವಯಸ್ಸಿನ ಅನೇಕರಿಗೆ ಪೈಥಾನ್ ಆಮೇಲೆ ಅಂಟಿಕೊಂಡದ್ದು. ಅಂಥವರನ್ನು ಬಿಡಬೇಕೆಂದಲ್ಲ, ಮಗಳ ಪಠ್ಯಪುಸ್ತಕವನ್ನು ತೆರೆದು ನೋಡಿದ್ದೀರಾ ಎಂದು ಕೇಳಿ. ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಹನ್ನೊಂದು ಅಧ್ಯಾಯಗಳಿವೆ. ಪೈಥಾನ್ ಶುರುವಾಗುವುದು ಐದನೆಯದರಿಂದ. ನಾಲ್ಕನೆಯದು ಸಮಸ್ಯೆಯನ್ನು ಹೇಗೆ ಬಿಡಿಸಿಕೊಳ್ಳಬೇಕು, ಅದರ ಹೆಜ್ಜೆಗಳನ್ನು ತೋರಿಸುವ ಚಿತ್ರ, ಅಂದರೆ ಫ್ಲೋಚಾರ್ಟ್, ಹೇಗೆ ಬರೆಯಬೇಕು ಎಂಬುದು. ಈ ನಾಲ್ಕನೆಯದನ್ನು ಹಾರಿಸಿ ಐದಕ್ಕೆ ಜಿಗಿಯುವವರೇ ಹೆಚ್ಚು. ನಿಮ್ಮ ಮಗಳ ಮುಖ ಬಾಡುವುದಕ್ಕೆ ಅದೇ ಕಾರಣವಿರಬಹುದು ಎಂದು ನನ್ನ ಊಹೆ.

ವಿದ್ಯಾಗಿರಿಯಲ್ಲಿ ಎಂಜಿನಿಯರಿಂಗ್ ಕಾಲೇಜು ಇರುವುದರಿಂದ ಸುತ್ತಲಿನ ಮನೆಗಳಲ್ಲಿ ಬಾಡಿಗೆಗೆ ಇರುವ ಹುಡುಗಿಯರು ಬಹಳ. ಮೂರನೆಯ ವರ್ಷದವಳೊಬ್ಬಳನ್ನು ಹುಡುಕಿ. ಕೊನೆಯ ವರ್ಷದವರು ಕೆಲಸದ ಸಂದರ್ಶನಗಳ ಗಡಿಬಿಡಿಯಲ್ಲಿ ನಡುವೆ ಬಿಟ್ಟು ಹೋಗುತ್ತಾರೆ.

ಟ್ಯೂಷನ್ ಹೇಳುವವನೇ, ಬಾಗಲಕೋಟೆ

ಎಲ್ಲರೂ ಸೇರಿ ಕ್ಲಾಸ್ ನಡೆಸುವವರಿಗೆ ಬಾರಿಸುತ್ತಿದ್ದೀರಿ, ಬಾರಿಸಿ. ನಮ್ಮ ಕಡೆಯ ಮಾತೂ ಒಂದಿಷ್ಟು ಕೇಳಿ. ನನ್ನ ಹತ್ತಿರ ಬರುವ ಹತ್ತು ತಂದೆತಾಯಿಯರಲ್ಲಿ ಒಂಬತ್ತು ಜನ ಮೊದಲು ಕೇಳುವುದು ಅಂಕ ಎಷ್ಟು ಬರುತ್ತದೆ ಎಂದು. ಮಗು ಏನು ಕಲಿತಿತು ಎಂದು ಕೇಳಿದವರು ಈ ಅಕ್ಕ ಒಬ್ಬರೇ ಇರಬೇಕು. ಅಂಕ ಬೇಕೆಂದವರಿಗೆ ನಾವು ಅಂಕ ಬರುವ ದಾರಿ ತೋರಿಸುತ್ತೇವೆ.

ಆ ದಾರಿಯಲ್ಲಿಯೂ ಬಾಯಿಪಾಠ ದಂಡ ಎಂಬುದು ಬೇರೆ ಮಾತು. ಹನ್ನೊಂದನೆಯದರಲ್ಲಿ ಲಿಖಿತ ಪರೀಕ್ಷೆಗೆ 70, ಪ್ರಾಕ್ಟಿಕಲ್‌ಗೆ 30. ಆ 70ರಲ್ಲಿ 45 ಪ್ರೋಗ್ರಾಮಿಂಗ್ ಮತ್ತು ಅದರ ಹಿಂದಿನ ಯೋಚನೆಗೆ. ಕಂಪ್ಯೂಟರಿನ ರಚನೆ, ಬೈನರಿ ಎಂಬ ಸೊನ್ನೆ-ಒಂದರ ಲೆಕ್ಕ, ಲಾಜಿಕ್ ಇತ್ಯಾದಿಗೆ 10. ಸಮಾಜ, ಕಾನೂನು, ಸೈಬರ್ ಸುರಕ್ಷತೆ 15. ಈ 15 ಓದಿ ಬರೆಯುವಂಥದ್ದು, ಅದಕ್ಕೆ ಟ್ಯೂಷನ್ ಬೇಡ, ಭಾನುವಾರ ಮನೆಯಲ್ಲಿ ಓದಲಿ. ದುಡ್ಡು ಕೊಟ್ಟು ಕಲಿಯಬೇಕಾದದ್ದು ಆ 45. ಪ್ರಶ್ನೆಪತ್ರಿಕೆಯಲ್ಲಿ ಪ್ರೋಗ್ರಾಂ ಕೊಟ್ಟು ಉತ್ತರ ಏನು ಬರುತ್ತದೆ, ತಪ್ಪು ಎಲ್ಲಿದೆ ಎಂದು ಕೇಳುತ್ತಾರೆ. ಬಾಯಿಪಾಠ ಮಾಡಿದವರು ಅಲ್ಲಿಯೇ ಎಡವುತ್ತಾರೆ.

ಅಕ್ಕಾ, 3,000 ರೂಪಾಯಿಗೆ ವಾರವೆಲ್ಲ ಬಾ ಎನ್ನಬೇಡಿ, ಯಾರೂ ನಿಲ್ಲುವುದಿಲ್ಲ. ವಾರಕ್ಕೆ ಎರಡು ದಿನ, ಒಂದೂವರೆ ಗಂಟೆ. ನಡುವಿನ ದಿನಗಳಲ್ಲಿ ಹುಡುಗಿ ಒಬ್ಬಳೇ ಕುಳಿತು ಒದ್ದಾಡಲಿ. ಮುಂಗಡವಾಗಿ ಒಂದು ತಿಂಗಳಿಗಿಂತ ಹೆಚ್ಚು ಯಾರಿಗೂ ಕೊಡಬೇಡಿ, ನಾನು ಕೇಳಿದರೂ.

ಖಣದ ಅಕ್ಕ, ನವನಗರ

ಮಾಸ್ತರರೇ, ಹುಕ್ಕು ಹಚ್ಚುವ ಉಪಾಯ ಚೆನ್ನಾಗಿದೆ. ಟ್ಯೂಷನ್ ಹೇಳುವ ಅಣ್ಣನವರೇ, ನೇರವಾಗಿ ಬರೆದಿದ್ದಕ್ಕೆ ಸಂತೋಷ. ನಾನೂ ಅಂಕ ಬೇಡವೆನ್ನುವ ಸನ್ಯಾಸಿನಿಯಲ್ಲ.

ಒಂದು ಸಂಶಯ. ಮಗಳಿಗೆ ಇಂಗ್ಲಿಷ್ ಓದಿದರೆ ಅರ್ಥವಾಗುತ್ತದೆ, ಆದರೆ ಸಂಶಯ ಕೇಳುವಾಗ ಮಾತು ಗಂಟಲಲ್ಲೇ ಉಳಿಯುತ್ತದೆ. ಕನ್ನಡದಲ್ಲಿ ಹೇಳಿಸಿಕೊಂಡರೆ ಪರೀಕ್ಷೆಗೆ ತೊಂದರೆಯಾಗುತ್ತದೆಯೇ?

ಗುಳೇದಗುಡ್ಡದ ಹುಡುಗ, ಹುಬ್ಬಳ್ಳಿ

ಅಕ್ಕಾ, ನಾನೂ ನಿಮ್ಮ ತವರಿನವನೇ. ಏನೂ ತೊಂದರೆಯಿಲ್ಲ. ಪರೀಕ್ಷೆಗೆ ಬೇಕಾದ ಇಂಗ್ಲಿಷ್ ಪದಗಳು ಬಹಳವೇನಿಲ್ಲ, ಅವನ್ನು ಹಾಗೆಯೇ ಕಲಿಯಲಿ. ಏಕೆ, ಹೇಗೆ ಎಂಬುದು ಕನ್ನಡದಲ್ಲಿ ನಡೆಯಲಿ. ಐಐಟಿ ಬಾಂಬೆಯವರ ಸ್ಪೋಕನ್ ಟ್ಯುಟೋರಿಯಲ್ ಎಂಬ ಉಚಿತ ಪಾಠಗಳಿವೆ, ಅವುಗಳಲ್ಲಿ ಹಲವಕ್ಕೆ ಕನ್ನಡದ ಧ್ವನಿಯೂ ಇದೆ. ಪ್ರೋಗ್ರಾಂ ಒಂದೊಂದು ಸಾಲು ನಡೆದಂತೆ ಒಳಗೆ ಏನಾಗುತ್ತದೆ ಎಂದು ಚಿತ್ರ ಬರೆದು ತೋರಿಸುವ ಪೈಥಾನ್ ಟ್ಯೂಟರ್ ಎಂಬ ಜಾಲತಾಣವೂ ಇದೆ. ಮಗಳು ಅದರಲ್ಲಿ ಉತ್ತರ 45 ಬಂದ ಆ ಪ್ರೋಗ್ರಾಮನ್ನು ಹಾಕಿ ಹೆಜ್ಜೆಹೆಜ್ಜೆಯಾಗಿ ಒತ್ತುತ್ತಾ ಹೋಗಲಿ, ಹತ್ತು ಎಲ್ಲಿ ತಪ್ಪಿತೆಂದು ಕಣ್ಣಿಗೇ ಕಾಣುತ್ತದೆ.

ಪ್ರೋಗ್ರಾಮಿನಲ್ಲಿ ಅದೇ ಸಾಲುಗಳನ್ನು ಮತ್ತೆ ಮತ್ತೆ ನಡೆಸುವ ಲೂಪ್ ಎಂದರೆ ಏನೆಂದು ನನಗೆ ಹೊಳೆದದ್ದು ಕಾಲೇಜಿನಲ್ಲಲ್ಲ, ನಮ್ಮ ಅಜ್ಜನ ಮಗ್ಗದ ಮುಂದೆ. ಮಗ್ಗದ ಮೇಲೆ ವಿನ್ಯಾಸ ನಡೆಸುವ ಡಾಬಿಯ ಹಲಗೆಯಲ್ಲಿ ಗೂಟ ಇದ್ದರೆ ಹಾಸಿನ ಎಳೆಗಳು ಏಳುತ್ತವೆ, ಇಲ್ಲದಿದ್ದರೆ ಇಲ್ಲ. ಹಲಗೆಗಳ ಸರಪಳಿ ಸುತ್ತು ಮುಗಿಸಿ ಮತ್ತೆ ಮೊದಲಿಗೆ ಬಂದರೆ ಅದೇ ಬುಟ್ಟಾ ಮತ್ತೆ ಮೂಡುತ್ತದೆ. 1804ರ ಸುಮಾರಿಗೆ ಫ್ರಾನ್ಸಿನ ಜಕಾರ್ಡ್ ಎಂಬವನು ತೂತು ಹೊಡೆದ ಕಾರ್ಡುಗಳಿಂದ ನೇಯ್ಗೆಯ ವಿನ್ಯಾಸ ನಡೆಸುವ ಯಂತ್ರ ಮಾಡಿದ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ಅದೇ ಕಾರ್ಡುಗಳನ್ನು ತನ್ನ ಲೆಕ್ಕದ ಯಂತ್ರದ ಯೋಜನೆಗೆ ತೆಗೆದುಕೊಂಡ. ಮಗಳನ್ನು ಒಮ್ಮೆ ಅವಳ ಅಜ್ಜನ ಮನೆಗೆ ಕಳಿಸಿ, ಅಲ್ಲಿ ಮಗ್ಗ ಇನ್ನೂ ಇದ್ದರೆ.

ಖಣದ ಅಕ್ಕ, ನವನಗರ (ಐದು ವಾರಗಳ ನಂತರ)

ಕೇಳಿದವರಿಗೆಲ್ಲ ಸುದ್ದಿ ಮುಟ್ಟಿಸಬೇಕೆಂದು ಬರೆಯುತ್ತಿದ್ದೇನೆ. ದೀಪಾವಳಿಯ ಹೊಲಿಗೆಯಲ್ಲಿ ತಲೆ ಎತ್ತಲು ಆಗಿರಲಿಲ್ಲ.

ಮೂವರನ್ನು ಕರೆದು ನೋಡಿದೆ. ಮೊದಲನೆಯವರು ದೊಡ್ಡ ಓದು ಓದಿದವರು, ಒಂದು ಗಂಟೆ ಬಹಳ ಚೆನ್ನಾಗಿ ಮಾತನಾಡಿದರು, ಲ್ಯಾಪ್‌ಟಾಪ್ ತೆರೆಯಲೇ ಇಲ್ಲ. ಎರಡನೆಯವನು ತೆರೆದ, ಆದರೆ ಮಗಳು ಎರಡಕ್ಷರ ತಪ್ಪಾಗಿ ಒತ್ತಿದ ಕೂಡಲೇ ಅದನ್ನು ತನ್ನ ಕಡೆಗೆ ಎಳೆದುಕೊಂಡ. ನಾನು ಹುಕ್ಕು ಹಚ್ಚುತ್ತಾ ಎಣಿಸಿದೆ, ಒಂದು ಗಂಟೆಯಲ್ಲಿ ಹದಿನೇಳು ಸಲ. ಮೂರನೆಯವಳು ವಿದ್ಯಾಗಿರಿಯಲ್ಲಿ ಓದುವ ಮೂರನೆಯ ವರ್ಷದ ಹುಡುಗಿ, ಮುಧೋಳದ ಕಡೆಯವಳು. ಬಂದವಳೇ ಮೊಬೈಲಿನಲ್ಲಿ ಏನೋ ಹುಡುಕಿ ವಿಂಡೋಸ್ 7ಕ್ಕೆ 3.8 ಹಾಕಿಸಿದಳು. ಹಾಕಿದ್ದು ಮಗಳು, ಇವಳು ಬಾಯಲ್ಲಿ ಹೇಳಿದ್ದಷ್ಟೇ. ಆಮೇಲೆ ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ನನಗೆ ಅಷ್ಟೇ ಸಾಕಾಯಿತು. ಮಂಗಳವಾರ ಮತ್ತು ಶುಕ್ರವಾರ ಬರುತ್ತಾಳೆ, ತಿಂಗಳಿಗೆ 2,800 ರೂಪಾಯಿ ಮತ್ತು ಆ ಎರಡು ದಿನ ರಾತ್ರಿಯ ಊಟ. ರೊಟ್ಟಿ ನಮ್ಮ ಮನೆಯಲ್ಲಿ ಚೆನ್ನಾಗಿರುತ್ತದೆ ಎಂದು ಅವಳೇ ಒಪ್ಪಂದಕ್ಕೆ ಸೇರಿಸಿದ್ದು.

ಕಳೆದ ಶುಕ್ರವಾರ ನಮ್ಮ ಅಂಗಡಿಯ ಬಿಲ್ಲು ಮಾಡುವ ಪ್ರೋಗ್ರಾಂ ಬರೆಸಿದಳು. ಖಣದ ಬೆಲೆ ಎಷ್ಟು ಎಂದು ಯಂತ್ರ ಕೇಳಿತು, ಮಗಳು 180 ಎಂದು ಒತ್ತಿದಳು. ಹೊಲಿಗೆ ಎಷ್ಟು ಎಂದಿತು, 250 ಎಂದು ಒತ್ತಿದಳು. ಒಟ್ಟು 180250 ರೂಪಾಯಿ ಎಂದು ತೋರಿಸಿತು. ಒಂದು ಕುಪ್ಪಸಕ್ಕೆ ಒಂದು ಲಕ್ಷದ ಎಂಬತ್ತು ಸಾವಿರ! ಮನೆಯವರು ಡ್ಯೂಟಿ ಮುಗಿಸಿ ಅದೇ ತಾನೇ ಬಂದವರು, ನಾಳೆಯಿಂದ ಕೆಲಸಕ್ಕೆ ಹೋಗುವುದಿಲ್ಲ ಎಂದರು.

ಟ್ಯೂಷನ್ ಹುಡುಗಿ ನಕ್ಕಳೇ ಹೊರತು ಉತ್ತರ ಹೇಳಲಿಲ್ಲ. ರೊಟ್ಟಿ ಆರುತ್ತಿತ್ತು, ಇಬ್ಬರೂ ಏಳಲಿಲ್ಲ. ಇಪ್ಪತ್ತು ನಿಮಿಷವಾದ ಮೇಲೆ ಮಗಳು, “ಅವ್ವಾ, ಅದು ಕೂಡಿಸಿಲ್ಲ, ಪಕ್ಕದಲ್ಲಿ ಪಕ್ಕ ಇಟ್ಟು ಹೊಲಿದಿದೆ” ಎಂದು ಕೂಗಿದಳು. ನಾವು ಒತ್ತಿದ್ದನ್ನೆಲ್ಲ ಅದು ಅಕ್ಷರವೆಂದೇ ತಿಳಿಯುತ್ತದಂತೆ, ಇದು ಸಂಖ್ಯೆ ಎಂದು ನಾವೇ ಬಾಯಿಬಿಟ್ಟು ಹೇಳಬೇಕಂತೆ. ಇಂಟ್ ಎಂದು ಏನೋ ಸೇರಿಸಿದಳು, 430 ಬಂತು.

ಆ ಪ್ರೋಗ್ರಾಮಿಗೆ ಈಗ ಹುಕ್ಕು ಮತ್ತು ಅಸ್ತರಿನ ಲೆಕ್ಕ ಸೇರಿಸಬೇಕೆಂದು ನನ್ನನ್ನು ದಿನವೂ ಪ್ರಶ್ನೆ ಕೇಳಿ ಪೀಡಿಸುತ್ತಿದ್ದಾಳೆ. ಮಾಸ್ತರರೇ, ಅರ್ಧವಾರ್ಷಿಕ ಪರೀಕ್ಷೆಯಲ್ಲಿ 70ಕ್ಕೆ 41 ಬಂದಿದೆ. ಬೈನರಿಯಲ್ಲಿ ಎರಡು ಅಂಕ ಸುಮ್ಮನೆ ಕಳೆದುಕೊಂಡಿದ್ದಾಳೆ, ಅದನ್ನು ನೀವು ಫೋನಿನಲ್ಲಿ ಹೇಳಿಕೊಡುವಿರಾದರೆ ಭಾನುವಾರ ಬೆಳಿಗ್ಗೆ ಅವಳು ಮನೆಯಲ್ಲೇ ಇರುತ್ತಾಳೆ.