ಮೊದಲ್ನೇ ಹಳೇ ಇಟಾಲಿಯನ್ ಸ್ಪೋರ್ಟ್ಸ್ ಕಾರು: ಕೆಂಪು ಸ್ಪೈಡರ್ ತಗೊಳ್ಲಾ, ಬೂದು ಬಣ್ಣದ್ದಾ?

ತಿಪಟೂರು_ಟು_ಟೊರಿನೊ:

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಆಗುತ್ತೆ ಬೇಜಾರ್ ಮಾಡ್ಕೋಬೇಡಿ. ಊರು ತಿಪಟೂರು, ಓದೋಕೆ ಅಂತ ಇಟಲಿಯ ಟೊರಿನೊಗೆ ಬಂದವನು ಇಲ್ಲೇ ಕೆಲಸ ಹಿಡ್ಕೊಂಡು ಆರು ವರ್ಷ ಆಯ್ತು. ಅಪ್ಪನ ಹತ್ರ ಪ್ರೀಮಿಯರ್ 118 ಎನ್‌ಇ ಇತ್ತು, ಭಾನುವಾರ ಬಂತಂದ್ರೆ ಅದನ್ನ ತೊಳೆಯೋದು ನನ್ ಡ್ಯೂಟಿ. ಇಲ್ಲಿ ಒಂದಿನ ರೋಡ್ ಪಕ್ಕ ಒಂದು ಫಿಯಟ್ 124 ನಿಂತಿತ್ತು, ನೋಡಿ ಹಂಗೇ ನಿಂತ್ಬಿಟ್ಟೆ, ನಮ್ಮನೆ ಕಾರಲ್ವಾ ಇದು! ಬಾಡಿ ಇಲ್ಲಿದು, ಇಂಜಿನ್ ಮಾತ್ರ ನಿಸ್ಸಾನ್ ಅಂತ ಆಮೇಲೆ ಓದಿ ತಿಳ್ಕೊಂಡೆ. ಅವತ್ತಿಂದ ಹಿಡಿದಿರೋ ಹುಚ್ಚು ಇದು.

ವಿಷ್ಯಕ್ಕೆ ಬರ್ತೀನಿ. ಎಲ್ಲಾ ಸೇರಿ 20 ಸಾವಿರ ಯೂರೋ ಇದೆ, ರಿಪೇರಿನೂ ಅದ್ರಲ್ಲೇ ಆಗ್ಬೇಕು. ಎರಡು ಆಲ್ಫಾ ರೋಮಿಯೋ ಸ್ಪೈಡರ್ (ಟಾಪ್ ತೆಗೆಯೋ ಸಣ್ಣ ಸ್ಪೋರ್ಟ್ಸ್ ಕಾರು) ನೋಡಿದೀನಿ, ಎರಡೂ 2000 ವೆಲೋಚೆ ಮಾಡೆಲ್. ಒಂದು 1978ರದ್ದು, ಕೆಂಪು, ಶೋರೂಮಲ್ಲಿದೆ, ಹೊಸಾ ಪೇಂಟು, ಹೊಸಾ ಸೀಟು, ಕನ್ನಡಿ ಥರ ಹೊಳೀತಿದೆ, 18,500 ಹೇಳ್ತಿದಾರೆ. ಇನ್ನೊಂದು 1976ರದ್ದು, ಆಸ್ತಿ ಅನ್ನೋ ಊರಿನ ಕಡೆ ಒಂದು ಹಳ್ಳಿಲಿ ರಿಟೈರ್ ಆಗಿರೋ ಮೇಷ್ಟ್ರು ಒಬ್ರ ಹತ್ರ ಇದೆ, ಬೂದು ಬಣ್ಣ, ಪೇಂಟ್ ಮಂಕಾಗಿದೆ, ಮೇಲಿನ ಮಡಚೋ ಹುಡ್ ಹರಿದಿದೆ, ಸೆಕೆಂಡ್ ಗೇರ್ ಹಾಕಿದ್ರೆ ಕರ್ ಅನ್ನುತ್ತೆ. ಆದ್ರೆ ಅವರು ಒಂದು ದಪ್ಪ ಫೈಲ್ ಇಟ್ಟಿದಾರೆ, 1989ರಿಂದ ಹಾಕ್ಸಿರೋ ಒಂದೊಂದು ಪಾರ್ಟಿಗೂ ಬಿಲ್ ಇದೆ. 14,000 ಕೇಳ್ತಿದಾರೆ.

ಆಫೀಸಲ್ಲಿ ಎಲ್ರೂ ಕೆಂಪುದೇ ತಗೋ ಅಂತಾರೆ. ಹೆಂಡತಿ, ಹಿಂದಿನ ಸೀಟಲ್ಲಿ ಒಂದು ತರಕಾರಿ ಚೀಲ ಬಿಟ್ರೆ ಏನೂ ಹಿಡಿಯಲ್ಲ, ಇದಕ್ಯಾಕೆ ಇಷ್ಟು ದುಡ್ಡು ಅಂತಾಳೆ. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಯಾವುದು ತಗೊಳ್ಲಿ? ಅಥ್ವಾ ಫಿಯಟ್ 124 ಸ್ಪೈಡರ್, ಲಾಂಚಿಯಾ ಫುಲ್ವಿಯಾ ಕಡೆ ನೋಡ್ಬೇಕಾ?

ಹಳೇ_ಸ್ಪ್ಯಾನರ್:

ನಮಸ್ಕಾರ ಗುರುಗಳೇ, ಮೈಸೂರಿನವ್ನು, ಜರ್ಮನಿಲಿದೀನಿ, 11 ವರ್ಷದಿಂದ ಇದೇ ಸ್ಪೈಡರ್ ಇಟ್ಕೊಂಡು ಒದ್ದಾಡ್ತಿದೀನಿ, ಹಾಗಾಗಿ ಸ್ವಲ್ಪ ಮಾತಾಡೋ ಹಕ್ಕಿದೆ ಅನ್ಕೊತೀನಿ.

ಮೊದಲು ಒಂದು ವಿಷ್ಯ ತಲೇಲಿಟ್ಕೊಳ್ಳಿ. ಈ ಕಾರಲ್ಲಿ ಇಂಜಿನ್ನಿಗೆ ಹೆದರ್ಬೇಡಿ, ಗೇರ್‌ಬಾಕ್ಸಿಗೂ ಹೆದರ್ಬೇಡಿ, ತಗಡಿಗೆ ಹೆದರಿ. ಆ ಟ್ವಿನ್ ಕ್ಯಾಮ್ ಇಂಜಿನ್ ಪೂರ್ತಿ ಅಲ್ಯೂಮಿನಿಯಂ, ಬೆಲ್ಟಲ್ಲ ಚೈನ್, ಬಿಸಿ ಆಗೋ ತನಕ ತುಳೀದೆ ಟೈಮಿಗೆ ಆಯಿಲ್ ಬದಲಾಯ್ಸ್ತಾ ಇದ್ರೆ ಮೊಮ್ಮಕ್ಕಳ ಕಾಲಕ್ಕೂ ಓಡುತ್ತೆ, ಪಾರ್ಟ್ಸ್ ಎಲ್ಲಾ ಇವತ್ತಿಗೂ ಹೊಸದಾಗಿ ಮಾಡ್ತಾರೆ. ಸೆಕೆಂಡ್ ಗೇರ್ ಕರ್ ಅನ್ನೋದು ಈ ಗಾಡಿಯ ಕುಲದೋಷ, ಗೇರ್ ಸಲೀಸಾಗಿ ಕೂರಿಸೋ ಸಿಂಕ್ರೋ ರಿಂಗ್ ಸವೆಯುತ್ತೆ, ಗೇರ್‌ಬಾಕ್ಸ್ ತಣ್ಣಗಿರುವಾಗಂತೂ ಎಲ್ಲಾ ಸ್ಪೈಡರ್ರೂ ಹಂಗೇ. ಬೆಳಿಗ್ಗೆ ಮೊದಲ ಹತ್ತು ನಿಮಿಷ ಡಬಲ್ ಕ್ಲಚ್ ಹೊಡೀರಿ, ಅಂದ್ರೆ ನ್ಯೂಟ್ರಲ್ಲಿಗೊಮ್ಮೆ ಗೇರಿಗೊಮ್ಮೆ ಅಂತ ಎರಡು ಸಲ ಕ್ಲಚ್ ತುಳೀರಿ, ಅಷ್ಟೇ. ಮೇಷ್ಟ್ರು ಅದನ್ನ ಬಾಯಿಬಿಟ್ಟು ಹೇಳಿದ್ರು ಅಂದ್ರೆ ನನಗೆ ಮೇಷ್ಟ್ರ ಮೇಲೆ ನಂಬ್ಕೆ ಜಾಸ್ತಿ ಆಗುತ್ತೆ.

ತಗಡಿನ ಕಥೆ ಬೇರೆ. ಬಾಗಿಲ ಕೆಳಗೆ ಉದ್ದಕ್ಕೆ ಬರೋ ಸಿಲ್ ಇದೆಯಲ್ಲ, ಅದು ಒಂದೇ ತಗಡಲ್ಲ, ಹೊರಗೊಂದು ಮಧ್ಯದಲ್ಲೊಂದು ಒಳಗೊಂದು ಅಂತ ಮೂರು ಪದರ. ಮೇಲೆ ಗಟ್ಟಿ ಟಾಪ್ ಇಲ್ಲದ ಕಾರಲ್ವಾ, ಇಡೀ ಗಾಡಿ ಬೆನ್ನುಮೂಳೆ ಅದೇ. ಒಳಗಿನ ಎರಡು ತುಕ್ಕು ಹಿಡಿದು ಪುಡಿಯಾಗಿದ್ರೂ ಹೊರಗಿನದಕ್ಕೆ ಪುಟ್ಟಿ ಮೆತ್ತಿ ಪೇಂಟ್ ಹೊಡೆದ್ರೆ ನಿಮಗೆ ಮದುವೆ ಹೆಣ್ಣಿನ ಥರ ಕಾಣುತ್ತೆ. ಹುಡ್ ಮೇಲೆ ಬಿದ್ದ ಮಳೆ ನೀರು ಸೀಟಿನ ಹಿಂದೆ ಇಳಿದು ಸಣ್ಣ ತೂತಲ್ಲಿ ಹೊರಗೆ ಹೋಗ್ಬೇಕು, ಆ ತೂತಿಗೆ ಎಲೆ ಕಸ ಕಟ್ಕೊಂಡ್ರೆ ನೀರು ಒಳಗೇ ನಿಂತು ಫ್ಲೋರೂ ಸಿಲ್ಲೂ ಒಟ್ಟಿಗೆ ಕೊಳೀತವೆ. ನಿಮ್ಮ ಟೊರಿನೊ ಇರೋ ಪೀಡ್‌ಮಾಂಟಲ್ಲಿ ಚಳಿಗಾಲ ರೋಡಿಗೆ ಉಪ್ಪು ಬೇರೆ ಹಾಕ್ತಾರೆ.

ಒಂದು ಸಣ್ಣ ಮ್ಯಾಗ್ನೆಟ್ ತಗೊಂಡು ತೆಳು ಬಟ್ಟೆ ಸುತ್ತಿ ಎರಡೂ ಗಾಡಿಗೆ ಹಿಡಿದು ನೋಡಿ, ಸಿಲ್ ಉದ್ದಕ್ಕೂ, ಮುಂದಿನ ಮಡ್‌ಗಾರ್ಡ್ ಬುಡ, ಹಿಂದಿನ ಚಕ್ರದ ಮೇಲಿನ ಕಮಾನು, ಡಿಕ್ಕಿ ಒಳಗೆ ಸ್ಟೆಪ್ನಿ ಕೂರೋ ಗುಂಡಿ. ಎಲ್ಲಿ ಅಂಟಲ್ವೋ ಅಲ್ಲಿ ಪುಟ್ಟಿ. ಆಮೇಲೆ ಜಾಕ್ ಪಾಯಿಂಟಿಗೇ ಜಾಕ್ ಕೊಟ್ಟು ಒಂದು ಕಡೆ ಎತ್ತಿ ಬಾಗಿಲು ತೆಗೆದು ಹಾಕಿ. ಬಾಗಿಲು ಕಚ್ಕೊಂಡ್ರೆ, ಬಾಗಿಲ ಸಂದು ಹೆಚ್ಚು ಕಮ್ಮಿ ಆದ್ರೆ, ಕೀ ವಾಪಸ್ ಕೊಟ್ಟು ಥ್ಯಾಂಕ್ಸ್ ಹೇಳಿ ಬನ್ನಿ. ಮೂರು ಪದರ ಕತ್ತರ್ಸಿ ಹೊಸದು ವೆಲ್ಡ್ ಮಾಡ್ಸೋ ದುಡ್ಡಲ್ಲಿ ಎರಡು ಇಂಜಿನ್ ಓವರ್‌ಹಾಲ್ ಆಗುತ್ತೆ, ಇದು ನನ್ನ ಸ್ವಂತ ಲೆಕ್ಕ.

ಇನ್ನು ಒಂದು. ಗಾಡಿ ನೋಡೋಕೆ ಹೋಗುವಾಗ ಇಂಜಿನ್ ಸ್ಟಾರ್ಟ್ ಮಾಡಿಡ್ಬೇಡಿ ಅಂತ ಮೊದಲೇ ಹೇಳಿ. ತಣ್ಣಗಿದ್ದಾಗ ಸ್ಟಾರ್ಟ್ ಆದ್ರೆ ಅದು ನಿಜವಾದ ಸ್ಟಾರ್ಟು.

ಜೂನಿಯರ್_ಜಾಕಿ:

ಬ್ರೋ ಸ್ವಲ್ಪ ಲೋನ್ ಹಾಕಿ ಫೆರಾರಿನೇ ತಗೊಂಬಿಡಿ, 308 ನೋಡಿ, ಒಂದೇ ಜೀವನ 😄

ಹಳೇ_ಸ್ಪ್ಯಾನರ್:

@ಜೂನಿಯರ್_ಜಾಕಿ ಲೋನ್ ಕಂತು ನೀವು ಕಟ್ತೀರಾ ಹಾಗಿದ್ರೆ? 308 ಇರೋದೇ ವಿ8, ಅಡ್ಡಡ್ಡ ಕೂರಿಸಿದ್ದಾರೆ, ಟೈಮಿಂಗ್ ಬೆಲ್ಟ್ ಓಡ್ಸಿದ್ರೂ ಓಡ್ಸ್ದೇ ಇದ್ರೂ ಕೆಲವೇ ವರ್ಷಕ್ಕೊಂದ್ಸಲ ಬದಲಾಯ್ಸ್ಬೇಕು, ಆ ಒಂದು ಸರ್ವೀಸ್ ಬಿಲ್ಲಲ್ಲಿ ಸ್ಪೈಡರ್‌ಗೆ ಒಂದು ಗೇರ್‌ಬಾಕ್ಸ್ ಬರುತ್ತೆ. ಮಜಾ ಏನಂದ್ರೆ ಆಗ ಇಟಲಿಲಿ 2 ಲೀಟರ್ ದಾಟಿದ ಇಂಜಿನ್ನಿಗೆ 38% ವ್ಯಾಟ್ ಇತ್ತು, ಆ ಟ್ಯಾಕ್ಸ್‌ಗೆ ಹೆದರಿ ಫೆರಾರಿಯವರೇ ಇಂಜಿನ್ ಸಣ್ಣದು ಮಾಡಿ 208 ಅಂತ ಮಾರಿದ್ರು. ನಮ್ ಆಲ್ಫಾದ 1962 ಸಿಸಿ ಆ ಗೆರೆ ಒಳಗೇ ಇತ್ತು.

ಮಿರ್ಚಿ_ಭಜಿ_124:

ನಮಸ್ಕಾರ್ರೀ ಅಣ್ಣಾರ, ಹುಬ್ಬಳ್ಳಿಯಾವ ನಾ, ಸದ್ಯ ಮಿಶಿಗನ್ನಾಗ ಅದೀನಿ. ಅಪ್ಪನ 118 ಎನ್‌ಇ ನೆನಪು ತಗೊಂಡು ಆಲ್ಫಾ ತಗೋತೀನಂದ್ರ ಹೆಂಗ್ರೀ? ಅಪ್ಪನ ಗಾಡಿ ತಮ್ಮ ಅಂದ್ರ ಫಿಯಟ್ 124 ಸ್ಪೈಡರ್ ಅಲ್ರೀ! ನನ್ನ ಹತ್ರ 1979ರದ್ದು ಐತಿ, 2000. ಆಲ್ಫಾದಂಗ ಇದೂ 1966ರಾಗ ಬಂದದ್ದು, ಇದೂ ಪಿನಿನ್‌ಫಾರೀನಾ ಅನ್ನೂ ಬಾಡಿ ಕಂಪನಿ ಕೈದು, ಡಿಸೈನ್ ಮಾಡಿದಾವ ಟಾಮ್ ಯಾರ್ಡಾ ಅಂತ ಅಮೆರಿಕದಾವ. ಇಂಜಿನ್ ಯಾರ್ದು ಗೊತ್ತೇನ್ರೀ, ಫೆರಾರಿಗೆ ವಿ12 ಮಾಡಿಕೊಟ್ಟ ಲಾಂಪ್ರೆದಿದು. ಗೇರ್‌ಬಾಕ್ಸ್ ಬೆಣ್ಣಿ ಇದ್ದಂಗ, ಕರ್ ಅನ್ನೂದಿಲ್ಲ ಬುರ್ ಅನ್ನೂದಿಲ್ಲ.

ತಪ್ಪು ಮುಚ್ಚಿಡೂದಿಲ್ರಿ. ಇದ್ರಾಗ ಟೈಮಿಂಗ್ ಬೆಲ್ಟ್ ಐತಿ, ಹಳೀ ಮಾಲೀಕ ಯಾವಾಗ ಹಾಕ್ಸ್ಯಾನ ಗೊತ್ತಿಲ್ಲಂದ್ರ ಮನಿಗೆ ತಂದ ದಿನಾನ ಹೊಸಾದು ಹಾಕ್ಸ್ರಿ, ತುಂಡಾತಂದ್ರ ವಾಲ್ವ್ ಬಾಗಿ ಇಂಜಿನ್ ಮ್ಯಾಗ ಬರ್ತೈತಿ. ತುಕ್ಕು ಹಿಡಿಯೂದು ಮುಂದಿನ ಶಾಕ್ ಅಬ್ಸಾರ್ಬರ್ ಕೂಡೂ ಜಾಗದಾಗ, ಬಾನೆಟ್ ಎತ್ತಿ ಮೊದ್ಲ ಅದನ್ನ ನೋಡ್ರಿ. ಇವು ಜಾಸ್ತಿ ಅಮೆರಿಕಕ್ಕನ ಬಂದಾವು, ಕ್ಯಾಲಿಫೋರ್ನಿಯಾದ ಒಣಾ ಹವಾದಾಗ ಇದ್ದ ಗಾಡಿ ಈಗ ಯುರೋಪಿಗೆ ವಾಪಸ್ ಹೊಂಟಾವು. ಹಂಗ ವಾಪಸ್ ಬಂದ ಆಲ್ಫಾ ಸಿಕ್ರ ಮಾತ್ರ ಜ್ವಾಕಿ, ಅಮೆರಿಕದ ಆಲ್ಫಾಕ್ಕ ಕಾರ್ಬುರೇಟರ್ ಬದ್ಲಿ ಸ್ಪೀಕಾ ಅಂತ ಮೆಕ್ಯಾನಿಕಲ್ ಇಂಜೆಕ್ಷನ್ ಇರ್ತಿತ್ತು, ಡೀಸೆಲ್ ಪಂಪ್ ಇದ್ದಂಗ, ಅದನ್ನ ಬಲ್ಲಾವ್ರು ಭಾಳ ಕಮ್ಮಿ ಮಂದಿ. ನಾ ಅದಕ್ಕ ಹೆದರಿ ಫಿಯಟ್ ತಗೊಂಡಾವ, ಖರೇ ಹೇಳ್ತೀನಿ.

ಫುಲ್ವಿಯಾ ಚೊಲೋ ಗಾಡಿ, 1972ರ ಮಾಂಟೆ ಕಾರ್ಲೋ ರ‍್ಯಾಲಿ ಗೆದ್ದದ್ದು, ಸಣ್ಣ ವಿ4, ಮುಂದಿನ ಗಾಲಿ ಎಳೀತಾವು. ಆದ್ರ ಮೊದಲ್ನೇ ಗಾಡಿ ಆಗಿ ಬ್ಯಾಡ್ರಿ, ಅದರ ಮೆಕ್ಯಾನಿಕ್ ಹುಡುಕೂದು ಗುರು ಹುಡುಕಿದಂಗ.

ಕುಡ್ಲದ_ಕುಟ್ಟಿ:

ನಾನು ಮಿಲಾನೊದಲ್ಲಿರುವುದು. ಎಲ್ಲರೂ ತುಕ್ಕು ತುಕ್ಕು ಅಂತ ಹೇಳಿದ್ರು, ನಮ್ಮ ಊರಿನವರಿಗೆ ಅದು ಬೇರೆ ಹೇಳಿಕೊಡ್ಲಿಕ್ಕೆ ಬೇಡ, ಸಮುದ್ರದ ಗಾಳಿಗೆ ಗೇಟೇ ಉಳಿಯುವುದಿಲ್ಲ ಮಾರಾಯ್ರೆ. ಕಾಗದದ ವಿಷಯ ಯಾರೂ ಹೇಳಲೇ ಇಲ್ಲ, ಅದು ನಾನು ಹೇಳ್ತೇನೆ.

ದುಡ್ಡು ಕೊಡುವ ಮೊದಲು ನಂಬರ್ ಪ್ಲೇಟ್ ಹಾಕಿ ಪಿಆರ್‌ಎ, ಅಂದ್ರೆ ಇಲ್ಲಿಯ ಗಾಡಿ ರಿಜಿಸ್ಟರ್, ಅದರ ವಿಸೂರಾ, ಅಂದ್ರೆ ದಾಖಲೆಯ ಪ್ರತಿ, ತೆಗೀರಿ. ಮಾರುವವನ ಹೆಸರಲ್ಲೇ ಉಂಟಾ, ಸಾಲ ಉಂಟಾ, ಎಲ್ಲಾ ಗೊತ್ತಾಗ್ತದೆ. ಕೆಲವು ಹಳೇ ಗಾಡಿ ರಾದಿಯಾತಾ, ಅಂದ್ರೆ ರಿಜಿಸ್ಟರಿಂದ ಹೆಸರು ಕಿತ್ತು ಹಾಕಿರ್ತಾರೆ, ಯಾರೋ ವರ್ಷಗಟ್ಟಲೆ ಟ್ಯಾಕ್ಸ್ ಕಟ್ಟದೆ ಶೆಡ್ಡಲ್ಲಿ ಬಿಟ್ಟಿರ್ತಾರೆ. ಅದು ಚೀಪಲ್ಲಿ ಸಿಗ್ತದೆ, ಆದ್ರೆ ಪುನಃ ರೋಡಿಗೆ ತರುವಷ್ಟರಲ್ಲಿ ನಿಮ್ಮ ಅರ್ಧ ಕೂದಲು ಉದುರ್ತದೆ. ಲಿಬ್ರೆತ್ತೊ, ಅಂದ್ರೆ ಇಲ್ಲಿಯ ಆರ್‌ಸಿ ಬುಕ್, ಅದರಲ್ಲಿರುವ ಚಾಸಿ ನಂಬರೂ ಗಾಡಿಯಲ್ಲಿ ಕುಟ್ಟಿದ ನಂಬರೂ ನೀವೇ ಕಣ್ಣಲ್ಲಿ ನೋಡಿ ತಾಳೆ ಹಾಕಿ, ಫೋಟೋ ನಂಬ್ಬೇಡಿ.

ಒಳ್ಳೆ ಸುದ್ದಿ ಎಂತ ಅಂದ್ರೆ 30 ವರ್ಷ ದಾಟಿದ ಗಾಡಿಗೆ ಬೊಲ್ಲೊ, ಅಂದ್ರೆ ವರ್ಷದ ಗಾಡಿ ಟ್ಯಾಕ್ಸ್, ಇಲ್ಲ, ರೋಡಿಗೆ ಇಳಿಸಿದ ವರ್ಷ ಒಂದು ಸಣ್ಣ ಮೊತ್ತ ಕಟ್ಟಿದ್ರೆ ಆಯ್ತು. ಹೆಸರು ವರ್ಗಾವಣೆಯ ಪ್ರಾಂತ್ಯದ ಟ್ಯಾಕ್ಸೂ ಹಳೇ ಗಾಡಿಗೆ ಫ್ಲಾಟ್ 51.65 ಯೂರೋ. ಆಸಿ ಅಂತ ಹಳೇ ಗಾಡಿಗಳ ಕ್ಲಬ್ಬಿನ ಆಫೀಸ್ ನಿಮ್ಮ ಟೊರಿನೊದಲ್ಲೇ ಉಂಟು, ಅಲ್ಲಿಂದ ಹಿಸ್ಟಾರಿಕ್ ಸರ್ಟಿಫಿಕೇಟ್ ಮಾಡಿಸಿ, ಇನ್ಶೂರೆನ್ಸ್ ತುಂಬಾ ಕಮ್ಮಿಗೆ ಬರ್ತದೆ. ಎರಡು ವರ್ಷಕ್ಕೊಮ್ಮೆ ರೆವಿಸಿಯೋನೆ, ಅಂದ್ರೆ ಗಾಡಿಯ ಫಿಟ್‌ನೆಸ್ ತಪಾಸಣೆ, ಮಾತ್ರ ಮಾಡಿಸ್ಲೇಬೇಕು. ಹಳೇ ಇಂಜಿನ್ ಗಾಡಿಗೆ ಸಿಟಿ ಒಳಗೆ ಯಾವ ದಿನ ನಿರ್ಬಂಧ ಅಂತ ಕಮೂನೆ, ಅಂದ್ರೆ ನಗರಸಭೆಯ, ಸೈಟಲ್ಲಿ ನೋಡಿಕೊಳ್ಳಿ.

ಮೇಷ್ಟ್ರ ಫೈಲನ್ನು ಒಂದು ಮಧ್ಯಾಹ್ನ ಕೂತು ಪೂರ್ತಿ ಓದಿ. ಬಿಲ್ಲಲ್ಲಿ ಬರೆದ ಕಿಲೋಮೀಟರ್ ವರ್ಷದಿಂದ ವರ್ಷಕ್ಕೆ ಏರ್ತಾ ಹೋಗಿದ್ರೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇರೆ ಬೇಡ.

ಗೋಲಿಸೋಡಾ:

ಇದನ್ನ ವಾಪಸ್ ಬರುವಾಗ ಬೆಂಗಳೂರಿಗೆ ತರಬಹುದಾ ಸರ್? 50 ವರ್ಷ ಆದ್ರೆ ವಿಂಟೇಜ್ ಅಂತೆ?

ಹಳೇ_ಸ್ಪ್ಯಾನರ್:

50 ದಾಟಿದ್ರೆ ವಿಂಟೇಜ್ ಅನ್ನೋದು ನಿಜ, 2021ರ ರೂಲ್ ಪ್ರಕಾರ ನಂಬರಲ್ಲಿ ವಿಎ ಅಂತ ಬರುತ್ತೆ, ರಿಜಿಸ್ಟ್ರೇಶನ್ ಫೀ 20 ಸಾವಿರ ರೂಪಾಯಿ, ಆದ್ರೆ ದಿನಾ ಆಫೀಸಿಗೆ ಓಡ್ಸೋ ಹಾಗಿಲ್ಲ. ಅದಕ್ಕೂ ಮೊದಲು ಕಸ್ಟಮ್ಸ್ ಡ್ಯೂಟಿ ಇದೆಯಲ್ಲ, ಅದನ್ನ ನೆನೆಸ್ಕೊಂಡ್ರೇ ನಿದ್ದೆ ಬರಲ್ಲ. ಅಲ್ಲದೇ ಸಿಲ್ಕ್ ಬೋರ್ಡ್ ಸಿಗ್ನಲ್ಲಲ್ಲಿ ಏಪ್ರಿಲ್ ಬಿಸಿಲಿಗೆ ಟಾಪ್ ತೆಗೆದು ಕೂತ್ಕೊಳ್ಳೋದು ಕಲ್ಪಿಸ್ಕೊಳ್ಳಿ.

ತಿಪಟೂರು_ಟು_ಟೊರಿನೊ:

ಎಲ್ರಿಗೂ ಥ್ಯಾಂಕ್ಸ್, ಮೂರು ವಾರ ಆದ್ಮೇಲೆ ಬರೀತಿದೀನಿ.

ಮೊದಲು ಕೆಂಪುದಕ್ಕೆ ಹೋದೆ. ಬೆಳಿಗ್ಗೆ ಒಂಬತ್ತಕ್ಕೇ ಹೋಗಿದ್ದು, ಬಾನೆಟ್ ಮುಟ್ಟಿದ್ರೆ ಆಗ್ಲೇ ಬಿಸಿ. ಜೇಬಿಂದ ಫ್ರಿಜ್ ಮ್ಯಾಗ್ನೆಟ್ ತೆಗೆದೆ, ಮಗಳದ್ದು, ಆನೆ ಚಿತ್ರದ್ದು. ಎಡಗಡೆ ಸಿಲ್ ಮೇಲೆ ಇಟ್ಟೆ, ಆನೆ ಜಾರಿ ಕೆಳಗೆ ಬಿತ್ತು. ಇನ್ನೂ ಒಂದಡಿ ಹಿಂದೆ ಇಟ್ಟೆ, ಮತ್ತೆ ಬಿತ್ತು. ಮಾರೋ ಯುವಕ ನನ್ನನ್ನೇ ನೋಡ್ತಿದ್ದ, ನಾನು ಆನೆನ ನೋಡ್ತಿದ್ದೆ, ಇಬ್ರೂ ಏನೂ ಮಾತಾಡ್ಲಿಲ್ಲ. ಜಾಕ್ ಹಾಕ್ಲಾ ಅಂತ ಕೇಳಿದ್ದಕ್ಕೆ ಇನ್ಶೂರೆನ್ಸ್ ಒಪ್ಪಲ್ಲ ಅಂದ. ಇನ್ಶೂರೆನ್ಸಿಗೂ ಜಾಕಿಗೂ ಏನು ಸಂಬಂಧ ಅಂತ ನಂಗಿನ್ನೂ ಗೊತ್ತಾಗಿಲ್ಲ.

ಮೇಷ್ಟ್ರ ಮನೆಗೆ ಸಂಜೆ ಹೋದೆ. ಅವರೇ ಜಾಕ್ ತಂದು ಎತ್ತಿದ್ರು, ಬಾಗಿಲು ಟಕ್ ಅಂತ ತೆಗೀತು ಟಕ್ ಅಂತ ಹಾಕ್ತು. ಆನೆ ಎಲ್ಲಾ ಕಡೆ ಅಂಟ್ಕೊಂಡ್ತು, ಬಲಗಡೆ ಹಿಂದಿನ ಚಕ್ರದ ಹತ್ರ ಒಂದು ಅಂಗೈಯಷ್ಟು ಜಾಗ ಬಿಟ್ಟು, ಅದಕ್ಕೂ 2004ರ ವೆಲ್ಡಿಂಗ್ ಬಿಲ್ ತೋರ್ಸಿದ್ರು. ಸೀಟ್ ಹಿಂದಿನ ತೂತಲ್ಲಿ ಒಂದು ಸಣ್ಣ ವೈರ್ ಹಾಕಿಟ್ಟಿದಾರೆ, ಪ್ರತೀ ತಿಂಗಳು ಎಳೆದು ಕಸ ತೆಗೀತಾರಂತೆ. ಟೈರ್ ಮಾತ್ರ ನೋಡೋಕೆ ಚೆನ್ನಾಗಿದ್ರೂ 2009ರದ್ದು, ಪೆಟ್ರೋಲ್ ಪೈಪೂ ಗಟ್ಟಿಯಾಗಿ ಸೀಳು ಬಿಟ್ಟಿದೆ, ಅದೆರಡನ್ನ ತೋರ್ಸಿ ಚೌಕಾಸಿ ಮಾಡಿದೆ. ವಿಸೂರಾ ಕ್ಲೀನಾಗಿತ್ತು. 13,200ಕ್ಕೆ ಮುಗೀತು.

ಪೈಪು ಟೈರು ಅಲ್ಲೇ ಹಾಕ್ಸಿ ಮೊನ್ನೆ ಭಾನುವಾರ ತಂದೆ. ಸೆಕೆಂಡ್ ಗೇರಿಗೆ ಡಬಲ್ ಕ್ಲಚ್ ಹೊಡೆದೂ ಹೊಡೆದೂ ಎಡಗಾಲು ನೋಯ್ತಿತ್ತು. ಗ್ರುಲಿಯಾಸ್ಕೊ ದಾಟುವಾಗ ಹೆಂಡತಿಗೆ ಹೇಳಿದೆ, ಈ ಗಾಡಿ ಬಾಡಿ ಕಟ್ಟಿದ್ದು ಇದೇ ಊರಲ್ಲಿ, ಪಿನಿನ್‌ಫಾರೀನಾ ಫ್ಯಾಕ್ಟರಿಲಿ ಅಂತ. ಅವಳು ತಲೆ ಮೇಲಿನ ಹರಿದ ಹುಡ್ ನೋಡಿ, ಹಾಗಿದ್ರೆ ಇಲ್ಲೇ ನಿಲ್ಸಿ ಹೊಲಿಸ್ಕೊಂಡು ಹೋಗೋಣ ಅಂದ್ಲು.

ಅಪ್ಪಂಗೆ ವಿಡಿಯೋ ಕಾಲ್ ಮಾಡಿ ತೋರ್ಸಿದೆ. ಪೂರ್ತಿ ಸುತ್ತ ಹಾಕಿ ನೋಡಿ, ಸ್ಟೆಪ್ನಿಲಿ ಗಾಳಿ ಇದೆಯೇನೋ ಅಂತ ಕೇಳಿದ್ರು. ಇರ್ಲಿಲ್ಲ.

ಈಗ ಪ್ರಶ್ನೆ, ಹುಡ್ ವಿನೈಲ್ ಹಾಕಿಸ್ಲಾ ಬಟ್ಟೆದಾ? ಬೇಗ ಹೇಳಿ, ಶನಿವಾರ ಮಳೆ ಅಂತೆ.

ಹಳೇ_ಸ್ಪ್ಯಾನರ್:

ವಿನೈಲ್ ಸಾಕು, ನಿಮ್ದು ಫ್ಯಾಕ್ಟರಿಯಿಂದ ಬಂದಾಗ ಇದ್ದಿದ್ದೂ ಅದೇ. ಶನಿವಾರಕ್ಕೆ ಟಾರ್ಪಾಲ್ ಹೊದೆಸಿ. ಆ ವೈರ್ ಮಾತ್ರ ಎಲ್ಲೂ ಕಳೀಬೇಡಿ.