ಮಾಳಿಗೆ ಮೇಲಿನ ಫೈಬರ್‌ಗ್ಲಾಸ್ ಆಂಟೆನಾ: ಬಿಸಿಲು, ಗಾಳಿ, ಮಳೆಗೆ ತಡೆಯುವಂತೆ ಮಾಡುವುದು ಹೇಗೆ?

ಯಾದಗಿರಿಯಿಂದ ಪ್ರಶ್ನೆ:
ನಮಸ್ಕಾರ. ಮಾಳಿಗೆ ಮೇಲೆ 2 ಮೀಟರ್ ಹ್ಯಾಮ್ (ಹವ್ಯಾಸಿ ರೇಡಿಯೊ) ಬ್ಯಾಂಡಿನ ಫೈಬರ್‌ಗ್ಲಾಸ್ ಆಂಟೆನಾ ಇದೆ. ಮೂರು ತುಂಡು ಜೋಡಿಸಿದ್ದು, ಸುಮಾರು 5 ಮೀಟರ್ ಉದ್ದ. ಮೈಯೆಲ್ಲ ಒರಟಾಗಿದೆ, ಮುಟ್ಟಿದರೆ ಕೈ ತುರಿಸುತ್ತದೆ. ಗಾಳಿ ಬಂದರೆ ಒಳಗೆ ಕಟಕಟ ಸದ್ದು. ಮಳೆ ಬಿದ್ದ ಮೇಲೆ ಎಸ್‌ಡಬ್ಲ್ಯೂಆರ್ (ಆಂಟೆನಾದಿಂದ ಸಿಗ್ನಲ್ ಎಷ್ಟು ವಾಪಸ್ ಬರುತ್ತದೆ ಎಂದು ತೋರಿಸುವ ಅಳತೆ, ಕಡಿಮೆ ಇದ್ದಷ್ಟೂ ಒಳ್ಳೆಯದು) 1.4ರಿಂದ 3ಕ್ಕೆ ಏರುತ್ತದೆ, ಬಿಸಿಲು ಬಂದರೆ ಇಳಿಯುತ್ತದೆ. ಇದನ್ನೇ ಗಟ್ಟಿ ಮಾಡಬಹುದಾ, ಹೊಸದು ತರಬೇಕಾ?

ಕಲಬುರಗಿಯಿಂದ:
ಹೊಸದಕ್ಕೆ ಈಗಲೇ ದುಡ್ಡು ಹಾಕಬೇಡ ತಮ್ಮಾ. ಟ್ಯೂಬ್ ಸೀಳಿಲ್ಲ ಅಂದರೆ ಇದನ್ನೇ ಉಳಿಸಬಹುದು.

ನಮ್ಮ ಕಡೆ ಫೈಬರ್‌ಗ್ಲಾಸ್ ಕೆಡುವುದು ಮೊದಲು ಬಿಸಿಲಿಗೆ. ಅಲ್ಟ್ರಾವಯಲೆಟ್ ಕಿರಣಕ್ಕೆ ಎಳೆಗಳನ್ನು ಹಿಡಿದಿಡುವ ಅಂಟು, ಅಂದರೆ ಮೇಲಿನ ರೆಸಿನ್, ಸವೆದು ಗಾಜಿನ ಎಳೆಗಳು ಎದ್ದು ನಿಲ್ಲುತ್ತವೆ. ಕೈ ತುರಿಸುವುದು ಅವುಗಳಿಂದಲೇ. ಆ ಎಳೆಗಳಲ್ಲಿ ನೀರು ನಿಲ್ಲುತ್ತದೆ, ಜೋಡಣೆಗಳಲ್ಲೂ ಇಳಿಯುತ್ತದೆ. ಬಿಸಿಲಿಗೆ ಒಣಗಿದ ಮೇಲೆ ರೀಡಿಂಗ್ ಸರಿಹೋಗುತ್ತದೆ ಅಂದರೆ ಒಳಗಿನ ತಂತಿ ಇನ್ನೂ ಚೆನ್ನಾಗಿದೆ ಅಂತ ನನ್ನ ಅಂದಾಜು.

ಕೆಳಗಿಳಿಸಿ, ತುಂಡು ಬಿಚ್ಚಿ, ನೆಟ್ಟಗೆ ನಿಲ್ಲಿಸಿ ಒಣಗಿಸು. ಆಮೇಲೆ ನಯವಾದ ಉಪ್ಪುಕಾಗದವನ್ನು ನೀರಲ್ಲಿ ಅದ್ದಿ ಉಜ್ಜು. ಒಣ ಉಜ್ಜಿದರೆ ಗಾಜಿನ ಪುಡಿ ಏಳುತ್ತದೆ. ಅದು ಉಸಿರಿನೊಳಗೆ ಹೋಗಬಾರದು, ಹಾಗಾಗಿ ಕೈಗವಸು, ಮಾಸ್ಕ್ ಎರಡೂ ಇರಲಿ. ನಂತರ ಬಿಸಿಲು ತಡೆಯುವ ಪಾಲಿಯುರೆಥೇನ್ ಕ್ಲಿಯರ್ ಕೋಟ್ ತೆಳ್ಳಗೆ ಎರಡು ಕೈ ಹೊಡಿ. ಕಾರಿಗೆ ಬಣ್ಣ ಹೊಡೆಯುವವರ ಹತ್ತಿರ ಸಿಗುತ್ತದೆ. ಗೇಟಿಗೆ ಹೊಡೆಯುವ ಸಿಲ್ವರ್ ಪೇಂಟ್ ಮಾತ್ರ ಬೇಡವೇ ಬೇಡ, ಅದರಲ್ಲಿ ಅಲ್ಯೂಮಿನಿಯಂ ಪುಡಿ ಇರುತ್ತದೆ, ಲೋಹ ಸಿಗ್ನಲ್‌ಗೆ ಅಡ್ಡಿ. ಬರೀ ಎಪಾಕ್ಸಿ ಬಳಿದು ಬಿಡುವುದೂ ಬೇಡ, ಅದೂ ಬಿಸಿಲಿಗೆ ಹಳದಿಯಾಗಿ ಪುಡಿಪುಡಿಯಾಗುತ್ತದೆ. ಬೇಸಿಗೆಯಲ್ಲಿ ಈ ಕೆಲಸ ಬೆಳಿಗ್ಗೆ ಬೇಗ ಮುಗಿಸು, ನಮ್ಮ 42 ಡಿಗ್ರಿಯಲ್ಲಿ ಕೋಟ್ ಹರಡುವ ಮೊದಲೇ ಬಿಗಿಯುತ್ತದೆ.

ಕಟಕಟ ಸದ್ದನ್ನು ಸುಮ್ನೆ ಬಿಡಬೇಡ. ಒಳಗಿನ ತಂತಿ ಟ್ಯೂಬಿಗೆ ಬಡಿದು ಬಡಿದು ಕೊನೆಗೆ ಬೆಸುಗೆ ಬಿಡುತ್ತದೆ. ಪ್ಯಾಕಿಂಗಿಗೆ ಬರುವ ಬಿಳಿ ಫೋಮನ್ನು ಉಂಗುರದಂತೆ ಕತ್ತರಿಸಿ ಅಲ್ಲಲ್ಲಿ ತೊಡಿಸು. ಎಲೆಕ್ಟ್ರಾನಿಕ್ಸ್ ಸಾಮಾನಿನ ಜೊತೆ ಬರುವ ಕಪ್ಪು ಫೋಮ್ ಬೇಡ, ಅದು ಕರೆಂಟ್ ಹಾಯಿಸುತ್ತದೆ.

ಇನ್ನು ಜೋಡಣೆ. ತನ್ನಷ್ಟಕ್ಕೆ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಚೆನ್ನಾಗಿ ಎಳೆದು, ಕೆಳಗಿನಿಂದ ಮೇಲಕ್ಕೆ ಸುತ್ತು. ಹೆಂಚು ಹೊದಿಸಿದ ಹಾಗೆ ಮೇಲಿನ ಸುತ್ತು ಕೆಳಗಿನದರ ಮೇಲೆ ಬರಬೇಕು. ಅದರ ಮೇಲೆ ಬಿಸಿಲಿಗೆ ತಡೆಯುವ ಒಳ್ಳೆಯ ವಿನೈಲ್ ಟೇಪ್. ಎಂ-ಸೀಲ್ ಮೆತ್ತಿದರೆ ಮುಂದೆ ಬಿಚ್ಚಲು ಬರುವುದಿಲ್ಲ. ವಿನೆಗರ್ ವಾಸನೆಯ ಸಿಲಿಕಾನ್ ತಾಮ್ರವನ್ನು ತಿನ್ನುತ್ತದೆ, ನ್ಯೂಟ್ರಲ್ ಅಂತ ಬರೆದಿರುವುದನ್ನೇ ಕೇಳಿ ತಗೋ.

ಎಷ್ಟೇ ಮುಚ್ಚಿದರೂ ಒಳಗೆ ತೇವ ಕಟ್ಟುತ್ತದೆ. ಹಾಗಾಗಿ ಬುಡದಲ್ಲಿರುವ ಸಣ್ಣ ತೂತು ಮುಚ್ಚಬೇಡ. ನೀರು ಹೊರಹೋಗುವ ದಾರಿ ಅದೊಂದೇ.

ಬೀದರಿನಿಂದ:
ಅಣ್ಣ ಹೇಳಿದ್ದೆಲ್ಲ ಸರಿ. ಗಾಳಿ ಬಗ್ಗೆ ನಾನು ಸೇರಿಸುತ್ತೇನೆ. ಕ್ಲ್ಯಾಂಪನ್ನು ಬುಡದ ಲೋಹದ ಕೊಳವೆಗೇ ಹಾಕಿ, ಟ್ಯೂಬಿಗೆ ಹಾಕಿ ಬಿಗಿದರೆ ಅದು ಬಿರುಕು ಬಿಡುತ್ತದೆ. ಕೆಳಗಿನ ಪೈಪಿಗೆ ಸ್ಟೀಲ್ ತಂತಿಯ ಆಸರೆ ಕೊಡಬಹುದು, ಆಂಟೆನಾ ಮೈಗೆ ಮಾತ್ರ ಬೇಡ. ಅದಕ್ಕೆ ಮೊದಲ ಜೋಡಣೆಯ ಮೇಲೆ ಮೂರು ದಿಕ್ಕಿಗೆ ಪಾಲಿಯೆಸ್ಟರ್ ಹಗ್ಗ ಸಾಕು. ನೈಲಾನ್ ನೆನೆದರೆ ಹಿಗ್ಗುತ್ತದೆ. ತೀರಾ ಬಿಗಿ ಮಾಡಬೇಡಿ. ಫೈಬರ್‌ಗ್ಲಾಸ್ ಬಾಗಿದರೇ ಉಳಿಯುತ್ತದೆ. ಮುಂಗಾರಿಗೆ ಮುಂಚಿನ ಬಿರುಗಾಳಿ ಶುರುವಾಗುವ ಮೊದಲೇ ಕಟ್ಟಿ ಮುಗಿಸಿ.

ಸಿಡಿಲಿಗೆ ಇದ್ಯಾವುದೂ ರಕ್ಷಣೆಯಲ್ಲ. ಪೈಪಿಗೆ ಬೇರೆ ಅರ್ಥಿಂಗ್ ಕೊಡಿ. ನಿಮ್ಮ ಎರೆ ಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟು ಒಣಗುತ್ತದೆ, ಆಗ ಅರ್ಥಿಂಗ್ ಕೆಲಸ ಕಡಿಮೆಯಾಗುತ್ತದೆ. ಗುಂಡಿಗೆ ಆಗಾಗ ನೀರು ಹಾಕಿ. ಮೋಡ ಕಟ್ಟುವ ಲಕ್ಷಣ ಕಂಡ ಕೂಡಲೇ ಕೇಬಲ್ ಬಿಚ್ಚಿ ಮನೆಯ ಹೊರಗಿಡಿ. ಗುಡುಗು ಶುರುವಾದ ಮೇಲೆ ಅದನ್ನು ಮುಟ್ಟಲೇಬೇಡಿ.

ಕಲಬುರಗಿಯಿಂದ:
ಒಂದು ಹೇಳುವುದು ಉಳಿದಿತ್ತು. ಬಿಚ್ಚಿದಾಗ ಬುಡದ ಕನೆಕ್ಟರ್ ಹತ್ತಿರ ಕೇಬಲ್ಲಿನ ಜಾಲರಿ ನೋಡು. ಕಪ್ಪೋ ಹಸಿರೋ ಆಗಿದ್ದರೆ ನೀರು ಕೇಬಲ್ಲಿಗೂ ಇಳಿದಿದೆ. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸು, ಸಿಗದಿದ್ದರೆ ಕೇಬಲ್ ಬದಲಿಸು. ಯಾವ ಬಣ್ಣ ಇದೆ ಅಂತ ಇಲ್ಲೇ ಬರೆ, ಮುಂದಿನದು ನೋಡೋಣ.